ಏರಿದಷ್ಟೇ ಇಳಿದರೂ ಸುಸ್ತೇಕೆ?

ಕೋಲಾರದಲ್ಲಿ ಸೈಕಲ್ ಹತ್ತಿ ಶ್ರೀನಿವಾಸಪುರ, ಅಲ್ಲಿಂದ ಮುಳಬಾಗಿಲು, ಮತ್ತೆ ಕೋಲಾರ ಎಂದು ಒಂದು ಸುತ್ತು ಹಾಕಿದರೆ ಸುಮಾರು ಎಂಬತ್ತೈದು-ತೊಂಬತ್ತು ಕಿಲೋಮೀಟರ್. ದಾರಿಯುದ್ದಕ್ಕೂ ಏರು, ಇಳಿಜಾರು. ಮಾವಿನ ತೋಪು, ಬಂಡೆಗುಡ್ಡ, ಕೆರೆ ಏರಿ. ಸಂಜೆ ಹೊರಟಲ್ಲಿಗೇ ಬಂದು ನಿಂತಾಗ ಏರಿದಷ್ಟನ್ನೂ ಇಳಿದಿರುತ್ತೀರಿ, ಒಂದು ಅಂಗುಲ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಏರಿನಲ್ಲಿ ಭೂಮಿಯ ಸೆಳೆತ ಕಿತ್ತುಕೊಂಡದ್ದನ್ನು ಇಳಿಜಾರು ಪೈಸೆ ಬಿಡದೆ ವಾಪಸು ಕೊಟ್ಟಿರುತ್ತದೆ. ಹಾಗಿದ್ದ ಮೇಲೆ ಕಾಲು ಪದ ಹೇಳುವುದೇಕೆ? ಈ ಪ್ರಶ್ನೆಯ ಬೆನ್ನು ಹತ್ತಿದರೆ ಸೈಕಲ್ಲೆಂಬ ಯಂತ್ರದ ಬಹುಪಾಲು ಗುಟ್ಟು ಬಯಲಾಗುತ್ತದೆ.

ಸವಾರ, ಸೈಕಲ್ಲು ಸೇರಿ 80 ಕಿಲೋ ಎಂದುಕೊಳ್ಳೋಣ. ನೂರು ಮೀಟರ್ ಹೋದರೆ ಐದು ಮೀಟರ್ ಏರುವ ರಸ್ತೆ. ಇಲ್ಲಿ ಭೂಮಿ ಹಿಂದಕ್ಕೆ ಎಳೆಯುವ ಬಲ ಸುಮಾರು 39 ನ್ಯೂಟನ್, ಅಂದರೆ ನಾಲ್ಕು ಕಿಲೋ ತೂಕದಷ್ಟು. ಟೈರು ಟಾರು ರಸ್ತೆಯ ಮೇಲೆ ಉರುಳುವಾಗಿನ ತಡೆ ಇನ್ನೊಂದು 5 ನ್ಯೂಟನ್. ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ ಹತ್ತಿದರೂ ಕಾಲುಗಳು 100 ವ್ಯಾಟ್ ಒದಗಿಸಬೇಕು. ಸಾಮಾನ್ಯ ಆರೋಗ್ಯದ ಮನುಷ್ಯ ಒಂದು ಗಂಟೆ ಹೊತ್ತು ಎಡೆಬಿಡದೆ ಕೊಡಬಲ್ಲ ಶಕ್ತಿ ಹೆಚ್ಚುಕಡಿಮೆ ಅಷ್ಟೇ. ಇಂಥ ಏರು ನಾಲ್ಕು ಕಿಲೋಮೀಟರ್ ಇದ್ದರೆ ಹತ್ತಲು ಅರ್ಧ ಗಂಟೆ ಬೇಕು.

ಇನ್ನು ಅಷ್ಟೇ ಉದ್ದದ ಇಳಿಜಾರು. ಪೆಡಲು ನಿಲ್ಲಿಸಿ ಕುಳಿತರೆ ವೇಗ ಏರುತ್ತ ಹೋಗಿ ಗಂಟೆಗೆ 36 ಕಿಲೋಮೀಟರಿನ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ತಡೆಯುವುದು ಗಾಳಿ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಏರಿನಲ್ಲಿ ಬೆವರು ಹರಿಸಿ ಗಳಿಸಿದ ಎತ್ತರವೆಲ್ಲ ಇಳಿಜಾರಿನಲ್ಲಿ ಗಾಳಿಯನ್ನು ಕಲಕುವುದಕ್ಕೇ ಖರ್ಚಾಗುತ್ತದೆ. ಬ್ರೇಕು ಹಿಡಿದರೆ ಅದೇ ಶಕ್ತಿ ರಿಮ್ಮಿನ ಬಿಸಿಯಾಗುತ್ತದೆ. ಭೂಮಿ ವಾಪಸು ಕೊಟ್ಟದ್ದು ನಿಜ, ಆದರೆ ಅದು ನಮ್ಮ ಕೈ ಸೇರಲಿಲ್ಲ. ಮೈಯಾದರೂ ಅದನ್ನು ತುಂಬಿಟ್ಟುಕೊಳ್ಳಲಾರದು. ತಿಂದ ಮುದ್ದೆಯ ಶಕ್ತಿಯಲ್ಲಿ ಪೆಡಲಿಗೆ ತಲುಪುವುದು ಕಾಲು ಭಾಗದಷ್ಟು ಮಾತ್ರ, ಉಳಿದದ್ದು ಶಾಖ. ಇಳಿಜಾರಿನಲ್ಲಿ ಆ ಖರ್ಚು ಹಿಂದಕ್ಕೆ ಬರುವ ದಾರಿಯೇ ಇಲ್ಲ.

ಹೊತ್ತಿನ ಲೆಕ್ಕ ಇನ್ನೂ ಕಠಿಣ. ನಾಲ್ಕು ಕಿಲೋಮೀಟರ್ ಏರಿಗೆ 30 ನಿಮಿಷ, ಇಳಿಜಾರಿಗೆ ಸುಮಾರು 7. ಎಂಟು ಕಿಲೋಮೀಟರಿಗೆ ಒಟ್ಟು 37 ನಿಮಿಷ. ಅದೇ 100 ವ್ಯಾಟಿನಲ್ಲಿ ಸಮತಟ್ಟು ರಸ್ತೆಯಲ್ಲಿ ಗಂಟೆಗೆ 21 ಕಿಲೋಮೀಟರಿಗೂ ಮೇಲೆ ಹೋಗಬಹುದು, ಎಂಟು ಕಿಲೋಮೀಟರ್ 22 ನಿಮಿಷಕ್ಕೇ ಮುಗಿಯುತ್ತದೆ. ಏರಿಗೆ ಹಾಕಿದ ಹೊತ್ತನ್ನು ಇಳಿಜಾರು ಎಂದಿಗೂ ತುಂಬಿಕೊಡದು.

ಇಳಿಜಾರಿನಲ್ಲಿ ಪೆಡಲು ನಿಂತರೂ ಚಕ್ರ ತಿರುಗುವುದು ಫ್ರೀವೀಲಿನ ದೆಸೆಯಿಂದ. ಸೈಕಲ್ ಶಾಪಿನಲ್ಲಿ ಅದನ್ನು ಬಿಚ್ಚುವಾಗ ಪಕ್ಕದಲ್ಲಿ ನಿಂತು ನೋಡಬೇಕು. ಒಳಗಿನ ತುಂಡಿನಲ್ಲಿ ಉಗುರಿನಷ್ಟಗಲದ ಉಕ್ಕಿನ ನಾಲಗೆಗಳು, ಅವನ್ನು ಹೊರಕ್ಕೆ ಒತ್ತುವ ಸಣ್ಣ ಸ್ಪ್ರಿಂಗು. ಅವುಗಳ ಸುತ್ತ, ಒಳಮೈಗೆ ಓರೆ ಹಲ್ಲುಗಳಿರುವ ಬಳೆ. ನಡುವೆ ಗ್ರೀಸಿನಲ್ಲಿ ಮುಳುಗಿದ ಮೂರು ಮಿಲಿಮೀಟರಿನ ಗುಂಡುಗಳು. ಪೆಡಲು ತುಳಿದಾಗ ನಾಲಗೆಗಳು ಹಲ್ಲಿಗೆ ಸಿಕ್ಕಿ ಚಕ್ರವನ್ನು ಎಳೆಯುತ್ತವೆ. ತುಳಿಯುವುದು ನಿಂತರೆ ಅವು ಓರೆಯ ಮೇಲೆ ಜಾರುತ್ತ, ಒಂದೊಂದು ಹಲ್ಲು ದಾಟಿದಾಗಲೂ ಟಿಕ್ ಎನ್ನುತ್ತವೆ. ಇಳಿಜಾರಿನ ಆ ಟಿಕಿಟಿಕಿ ಸದ್ದು ಹುಟ್ಟುವುದು ಇಲ್ಲಿಯೇ. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ದೊಡ್ಡ ಉಪಕಾರ ಮಾಡುವ ಬಿಡಿಭಾಗ ಮತ್ತೊಂದು ಯಂತ್ರದಲ್ಲಿದೆಯೆಂದು ನನಗನ್ನಿಸುವುದಿಲ್ಲ.

ಗುಡ್ಡದಂತೆ ಗಾಳಿಯೂ ಸುತ್ತಿನ ಲೆಕ್ಕ ಕೆಡಿಸುತ್ತದೆ. ಆಷಾಢದಲ್ಲಿ ಈ ಬಯಲಿನ ಮೇಲೆ ಪಡುವಣದಿಂದ ಗಾಳಿ ಬೀಸುತ್ತದೆ. ಮಾಲೂರಿನಿಂದ ಕೋಲಾರ, ಕೋಲಾರದಿಂದ ಮುಳಬಾಗಿಲು ಎಂದು ಮೂಡಣಕ್ಕೆ ಹೊರಟವನ ಬೆನ್ನಿಗೆ ಗಾಳಿ, ಹಿಂದಿರುಗುವಾಗ ಎದೆಗೆ. ಹೋಗುವಾಗ ಸಿಕ್ಕ ಲಾಭ ಬರುವಾಗಿನ ನಷ್ಟಕ್ಕೆ ಸರಿಹೋಯಿತು ಎಂದುಕೊಳ್ಳುವವರೇ ಹೆಚ್ಚು. ಹಾಗಲ್ಲ. ಗಾಳಿ ಗಂಟೆಗೆ 10 ಕಿಲೋಮೀಟರ್, ನಿಮ್ಮ ವೇಗ 15 ಎನ್ನಿ. ಗಾಳಿ ಬೆನ್ನಿಗಿದ್ದರೆ ಮೈಗೆ ತಾಗುವ ವೇಗ 5, ಎದುರಿಗಿದ್ದರೆ 25. ತಡೆ ವೇಗದ ವರ್ಗಕ್ಕೆ ತಕ್ಕಂತೆ ಇರುವುದರಿಂದ ಒಂದು ಕಡೆ 25, ಇನ್ನೊಂದು ಕಡೆ 625, ಸರಾಸರಿ 325. ಗಾಳಿಯೇ ಇಲ್ಲದ ದಿನ ಎರಡು ಕಡೆಗೂ 225. ಅಂದರೆ ಬೆನ್ನಿಗೊಮ್ಮೆ ಎದೆಗೊಮ್ಮೆ ಬೀಸಿದ ಗಾಳಿ ಒಟ್ಟಿನಲ್ಲಿ ಒಂದೂವರೆ ಪಟ್ಟು ಭಾರ ಹೇರುತ್ತದೆ. ಶ್ರೀನಿವಾಸಪುರದ ಸುತ್ತಿನ ಮಾವಿನ ತೋಪುಗಳ ನಡುವೆ ಸವಾರಿ ಹಗುರೆನಿಸುವುದಕ್ಕೆ ನೆರಳೊಂದೇ ಕಾರಣವಲ್ಲ; ಒತ್ತಾಗಿ ನಿಂತ ಮರಗಳು ನೆಲದ ಹತ್ತಿರದ ಗಾಳಿಯನ್ನು ತಡೆದು ನಿಲ್ಲಿಸುತ್ತವೆ. ಸಮುದ್ರಮಟ್ಟದಿಂದ ಎಂಟುನೂರು ಮೀಟರಿಗೂ ಮೇಲಿರುವುದರಿಂದ ಇಲ್ಲಿನ ಗಾಳಿ ಕರಾವಳಿಯದ್ದಕ್ಕಿಂತ ನೂರಕ್ಕೆ ಏಳೆಂಟು ಪಾಲು ತೆಳು. ಅದೊಂದು ಸಣ್ಣ ರಿಯಾಯಿತಿ.

ಕರಾವಳಿಯಲ್ಲಿ ಗುಡ್ಡದ ಬದಲು ಮರಳು ಕಾಡುತ್ತದೆ. ಮರವಂತೆಯಲ್ಲಿ ಹೆದ್ದಾರಿ ಬಿಟ್ಟು ಒಣ ಮರಳಿಗೆ ಸೈಕಲ್ ಇಳಿಸಿದರೆ ಚಕ್ರ ಹೂತು, ತಾನೇ ತೋಡಿದ ಗುಂಡಿಯನ್ನು ಪ್ರತಿ ಕ್ಷಣವೂ ಹತ್ತಬೇಕಾಗುತ್ತದೆ. ಸಮತಟ್ಟಿನಲ್ಲೂ ಮುಗಿಯದ ಏರು! ಅಲೆ ತಾಗುವ ಒದ್ದೆ ಮರಳು ಮಾತ್ರ ಗಟ್ಟಿ. ಕಣಗಳ ನಡುವಿನ ನೀರಿನ ತೆಳು ಪೊರೆ ಅವನ್ನು ಒಂದಕ್ಕೊಂದು ಎಳೆದು ಹಿಡಿದಿರುತ್ತದೆ. ಪಾಲಾರ್ ನದಿ ಪಾತ್ರದ ಮರಳಿಗೂ ಇದೇ ನಿಯಮ. ಮರಳಿನಲ್ಲಿ ಟೈರಿನ ಗಾಳಿ ಸ್ವಲ್ಪ ಇಳಿಸಿದರೆ ಅದು ಅಗಲವಾಗಿ ಊರುತ್ತದೆ, ಹೂಳುವುದು ಕಡಿಮೆ. ಟಾರು ರಸ್ತೆಗೆ ಬಂದ ಕೂಡಲೇ ಮತ್ತೆ ಬಿಗಿಯಾಗಿ ಹೊಡೆಸಬೇಕು.

ಇಷ್ಟೆಲ್ಲ ತಡೆಗಳ ಎದುರು ಸೈಕಲ್ಲಿನ ಬಳಿಯಿರುವ ಉಪಾಯ ಹಲ್ಲಿನ ಲೆಕ್ಕ. ಹಿಂದೆ ಪೆಡಲು ಮುಂದಿನ ಚಕ್ರಕ್ಕೇ ಅಂಟಿಕೊಂಡಿತ್ತು. ವೇಗ ಬೇಕೆಂದರೆ ಆಳೆತ್ತರದ ಚಕ್ರ ಬೇಕಿತ್ತು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ರೂಪಿಸಿದ ರೋವರ್ ಸೈಕಲ್ಲು ಚೈನಿನಿಂದ ಹಿಂದಿನ ಚಕ್ರವನ್ನು ಎಳೆಯಿತು. ಅಲ್ಲಿಂದ ಮುಂದೆ ವೇಗ, ಬಲ ಎರಡನ್ನೂ ಹಲ್ಲುಗಳ ಸಂಖ್ಯೆ ತೀರ್ಮಾನಿಸತೊಡಗಿತು. ಗೇರಿಲ್ಲದ ನಮ್ಮ 28 ಇಂಚಿನ ಸೈಕಲ್ಲಿನಲ್ಲಿ ಮುಂದೆ 44 ಹಲ್ಲು, ಹಿಂದೆ 18 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ಸುಮಾರು ಐದೂವರೆ ಮೀಟರ್ ಮುಂದೆ ಹೋಗುತ್ತದೆ. ಆಗಲೇ ಹೇಳಿದ ಏರಿನಲ್ಲಿ ಗಂಟೆಗೆ 8 ಕಿಲೋಮೀಟರ್ ವೇಗಕ್ಕೆ ನಿಮಿಷಕ್ಕೆ ಸುಮಾರು 25 ಸುತ್ತು. ಕಾಲಿಗೆ ಹಿತವಾದ ಲಯ ಅರವತ್ತರಿಂದ ತೊಂಬತ್ತು. ಇಪ್ಪತ್ತೈದಕ್ಕೆ ಇಳಿದಾಗ ಪೆಡಲಿನ ಮೇಲೆ ಸರಾಸರಿ 23 ಕಿಲೋ ತೂಕದಷ್ಟು ಒತ್ತಡ ಬೇಕು; ತುಳಿತ ಬಲವಾಗಿರುವ ಘಳಿಗೆಯಲ್ಲಿ ಅದರ ಎರಡರಷ್ಟು. ಇಳಿದು ತಳ್ಳಿಕೊಂಡು ಹೋಗುವುದು ಇಂಥ ಕಡೆಯೇ. ಗೇರಿರುವ ಸೈಕಲ್ಲಿನಲ್ಲಿ ಮುಂದೆ 28, ಹಿಂದೆ 28 ಹಲ್ಲಿಗೆ ಬಂದರೆ ಅದೇ ಏರು, ಅದೇ ವೇಗ, ಸುತ್ತು ಮಾತ್ರ ಅರವತ್ತು. ಒತ್ತಡ ಹತ್ತು ಕಿಲೋಗಿಂತ ಕಡಿಮೆ. ಗೇರು ಕೆಲಸವನ್ನು ಕಡಿಮೆ ಮಾಡುವುದಿಲ್ಲ. ಕೆಲಸವನ್ನು ಸಣ್ಣ ಸಣ್ಣ ತುತ್ತು ಮಾಡಿ ಕಾಲಿಗೆ ಕೊಡುತ್ತದೆ.

ಡೈರಿಗೆ ಹಾಲಿನ ಕ್ಯಾನು ಹೊರುವ ರೈತನ ಸೈಕಲ್ಲಿಗಾಗಲಿ, 2006-07ರಿಂದ ಹಲವು ವರ್ಷ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್ಲಿಗಾಗಲಿ ಗೇರಿಲ್ಲ. ಅವರಿಗೆ ನಾನು ಹೇಳುವುದು ಒಂದೇ ಮಾತು. ಹಿಂದಿನ 18 ಹಲ್ಲಿನ ಫ್ರೀವೀಲ್ ತೆಗೆಸಿ 22 ಹಲ್ಲಿನದನ್ನು ಹಾಕಿಸಿ. ಚೈನಿಗೆ ಒಂದೆರಡು ಕೊಂಡಿ ಸೇರಿಸಬೇಕಾದೀತು. ತುಳಿಯುವ ಬಲ ನೂರಕ್ಕೆ ಹದಿನೆಂಟು ಪಾಲು ಇಳಿಯುತ್ತದೆ. ಸಮತಟ್ಟಿನಲ್ಲಿ ಆಗಲೂ ಗಂಟೆಗೆ ಹದಿನಾರು ಕಿಲೋಮೀಟರ್ ಆರಾಮವಾಗಿ ಹೋಗಬಹುದು, ಶಾಲೆಗೂ ಡೈರಿಗೂ ಅಷ್ಟು ಧಾರಾಳ ಸಾಕು. ಇಡೀ ಸುತ್ತು ಹಾಕುವ ಹುರುಪಿನವರು ಆಷಾಢದಲ್ಲಿ ಮುಳಬಾಗಿಲಿನಿಂದ ಹೊರಡಿ. ಗಾಳಿ ಇನ್ನೂ ಮಂದವಾಗಿರುವ ಮುಂಜಾನೆಯಲ್ಲೇ ಪಡುವಣಕ್ಕೆ, ಕೋಲಾರದ ಕಡೆಗೆ ಸಾಗಿ. ಲಾರಿಗಳ ಹೆದ್ದಾರಿ ಬೇಡ, ಆವಣಿ ಬೆಟ್ಟದ ಪಕ್ಕದ ಹಳ್ಳಿ ರಸ್ತೆ ಹಿಡಿಯಿರಿ. ಬಿಸಿಲೇರಿ ಗಾಳಿ ಬಲವಾಗುವ ಹೊತ್ತಿಗೆ ಶ್ರೀನಿವಾಸಪುರ ದಾಟಿರುತ್ತೀರಿ. ಅಲ್ಲಿಂದ ಮುಳಬಾಗಿಲಿನವರೆಗೂ ಗಾಳಿ ನಿಮ್ಮ ಪರ.