ಮಗುವಿಗೆ ಬೇಕಾದ್ದು ಉಪ್ಪಿನ ಮೂಟೆಯಲ್ಲ, ನಿಮ್ಮ ಉಸಿರು!

ಹುಡುಗ ಕಾಲುವೆಗೆ ಬಿದ್ದ ಎನ್ನಿ. ಯಾರೋ ಧುಮುಕಿ ಎತ್ತಿ ದಂಡೆಗೆ ಹಾಕಿದರು. ಹುಡುಗನಿಗೆ ಮಾತಿಲ್ಲ, ಉಸಿರಿಲ್ಲ. ಸುತ್ತ ನೂರು ಜನ. "ತಲೆಕೆಳಗೆ ಹಿಡ್ದು ತಿರುಗ್ಸ್ರೋ" ಎಂದು ಒಬ್ಬ. "ಹೊಟ್ಟಿ ಅಮುಕ್ರಿ, ನೀರು ಬರ್ತೈತಿ" ಎಂದು ಇನ್ನೊಬ್ಬ. ಮೂರನೆಯವನು ಗಾಡಿ ತರಲು ಓಡಿದ. ಗಾಡಿ ಬಂದದ್ದು ಹತ್ತು ನಿಮಿಷಕ್ಕೆ. ಹುಡುಗನ ಹತ್ತಿರ ಇದ್ದದ್ದು ನಾಲ್ಕೈದೇ ನಿಮಿಷ!

ತುಂಗಭದ್ರೆಯ ನೀರು ಹರಿಯುವ ಕಡೆಯೆಲ್ಲ ಈ ಭಯ ಇದ್ದದ್ದೇ. ಹೊಸಪೇಟೆಯಲ್ಲಿ ವಿಜಯನಗರದ ಅರಸರ ಕಾಲದ ಕಾಲುವೆಗಳು. ಹಂಪಿಯಲ್ಲಿ ಹೊಳೆಯೂ ಉಂಟು, ತುರ್ತಾ ಕಾಲುವೆಯೂ ಉಂಟು. ಕಂಪ್ಲಿಯಲ್ಲಿ ಹೊಳೆ, ಕಾಲುವೆ, ಭತ್ತದ ಗದ್ದೆ. ಸಂಡೂರಿನಲ್ಲಿ ಅದಿರು ಲಾರಿಗಳ ಭಯ.

ಉಪ್ಪಿನ ರಾಶಿಯ ಕಥೆ

2022ರಲ್ಲಿ ಬಳ್ಳಾರಿ ಸೀಮೆಯ ಹಳ್ಳಿಯೊಂದರಲ್ಲಿ ನೀರಿನಲ್ಲಿ ಮುಳುಗಿದ ಬಾಲಕನನ್ನು ಗಂಟೆಗಟ್ಟಲೆ ಉಪ್ಪಿನ ರಾಶಿಯಲ್ಲಿ ಮಲಗಿಸಲಾಯಿತು. ಉಪ್ಪು ನೀರನ್ನು ಹೀರಿ ಪ್ರಾಣ ಮರಳಿಸುತ್ತದೆ ಎಂಬ ಮೊಬೈಲ್ ಸಂದೇಶವನ್ನು ನಂಬಿದ್ದರು. ಬಾಲಕ ಏಳಲಿಲ್ಲ. ಆ ಮನೆಯವರನ್ನು ಮೂಢರೆಂದು ಹಳಿಯುವುದು ಸುಲಭ. ಸರಿಯಾದದ್ದನ್ನು ಅವರಿಗೆ ಹೇಳಿಕೊಟ್ಟವರು ಯಾರು?

ಮುಳುಗಿದ ಮಗುವಿನ ಜೀವ ಹೋಗುವುದು ಹೊಟ್ಟೆಯಲ್ಲಿ ನೀರಿದೆ ಎಂದಲ್ಲ. ಉಸಿರು ನಿಂತು ಮಿದುಳಿಗೆ ಪ್ರಾಣವಾಯು ಮುಟ್ಟುವುದಿಲ್ಲ, ಅದಕ್ಕೆ. ದೊಡ್ಡವರಲ್ಲಿ ಹೆಚ್ಚಾಗಿ ಮೊದಲು ಗುಂಡಿಗೆಯೇ ಕೈಕೊಡುತ್ತದೆ. ಮಕ್ಕಳಲ್ಲಿ ಸಾಮಾನ್ಯವಾಗಿ ಮೊದಲು ನಿಲ್ಲುವುದು ಉಸಿರು, ಆಮೇಲೆ ಗುಂಡಿಗೆ. ಆದ್ದರಿಂದ ಮಗುವಿಗೆ ಮೊದಲು ಬೇಕಾದ್ದು ಗಾಳಿ. ಅದು ಪಕ್ಕದಲ್ಲಿ ನಿಂತವರ ಎದೆಯಲ್ಲೇ ಇದೆ, ಬೆಲೆ ಇಲ್ಲ, ತೂಕ ಇಲ್ಲ!

108 ಬರುವ ತನಕ

108 ಆಂಬ್ಯುಲೆನ್ಸ್ 2008ರ ನವೆಂಬರ್ 1ರಿಂದ ರಾಜ್ಯದಲ್ಲಿದೆ. ಕರೆಯಲೇಬೇಕು. ಆದರೆ ಹೊಸಪೇಟೆಯಿಂದ ಹಂಪಿಗೆ 13 ಕಿ.ಮೀ., ಸಂಡೂರಿಗೂ ಕಂಪ್ಲಿಗೂ 30ರ ಆಸುಪಾಸು, ಬಳ್ಳಾರಿಯ ದೊಡ್ಡಾಸ್ಪತ್ರೆಗೆ 60ಕ್ಕೂ ಹೆಚ್ಚು. ಡ್ರೈವರ್ ಎಷ್ಟೇ ಜೋರಾಗಿ ಓಡಿಸಲಿ, ನಾಲ್ಕು ನಿಮಿಷದಲ್ಲಿ ಈ ದಾರಿ ಸವೆಯುವುದಿಲ್ಲ. ಆ ನಾಲ್ಕು ನಿಮಿಷ ಡಾಕ್ಟರರದ್ದಲ್ಲ. ಪಕ್ಕದ ಅಂಗಡಿಯವರದು, ಬಸ್ಸಿಗೆ ಕಾದು ನಿಂತವರದು.

ಮಾಡಬೇಕಾದ್ದು ಇಷ್ಟೆ. ಮಗುವನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಕೂಗಿ, ತಟ್ಟಿ ನೋಡಿ. ಎದೆ ಏರಿಳಿಯುತ್ತಿದೆಯೇ ಎಂದು ಹತ್ತು ಸೆಕೆಂಡಿನೊಳಗೆ ಗಮನಿಸಿ. ದಡಕ್ಕೆ ಬಿದ್ದ ಮೀನಿನಂತೆ ಆಗೊಮ್ಮೆ ಈಗೊಮ್ಮೆ ಬಾಯಿ ಬಿಟ್ಟರೆ ಅದು ಉಸಿರಲ್ಲ. ಒಬ್ಬರು 108ಕ್ಕೆ ಫೋನು ಮಾಡಲಿ, ಇನ್ನೊಬ್ಬರು ಕೆಲಸ ಶುರು ಮಾಡಲಿ.

ತಲೆ ತುಸು ಹಿಂದಕ್ಕೆ ಬಾಗಿಸಿ, ಗದ್ದ ಎತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿ ಇಟ್ಟು ಎದೆ ಉಬ್ಬುವಷ್ಟು ಊದಬೇಕು. ಹಾಲುಗೂಸಾದರೆ ಅದರ ಬಾಯಿ ಮೂಗು ಎರಡನ್ನೂ ನಿಮ್ಮ ಬಾಯಿಂದ ಮುಚ್ಚಿ, ತಲೆ ಹೆಚ್ಚು ಬಾಗಿಸದೆ ಮೆಲ್ಲಗೆ ಊದಿ. ಮುಳುಗಿದ ಮಗುವಿಗೆ ಮೊದಲು ಎರಡರಿಂದ ಐದು ಸಲ ಉಸಿರು ಕೊಡಿ. ಆಮೇಲೆ ಎದೆಯ ನಡುವಿನ ಮೂಳೆಯ ಕೆಳ ಅರ್ಧವನ್ನು ಅಂಗೈ ಹಿಮ್ಮಡಿಯಿಂದ 30 ಸಲ ಒತ್ತಿ. ಕೂಸಾದರೆ ಎರಡು ಹೆಬ್ಬೆರಳು ಸಾಕು. ಎದೆ ಮೂರನೇ ಒಂದು ಪಾಲು ಕುಸಿಯಬೇಕು. ವೇಗ ನಿಮಿಷಕ್ಕೆ 100ರಿಂದ 120. ಮತ್ತೆ ಎರಡು ಉಸಿರು, ಮತ್ತೆ 30. ಮಗು ಉಸಿರಾಡುವ ತನಕ, ಇಲ್ಲವೇ ಆಂಬ್ಯುಲೆನ್ಸಿನವರು ಕೈಗೆತ್ತಿಕೊಳ್ಳುವ ತನಕ ನಿಲ್ಲಿಸಬಾರದು.

ಎದೆ ಒತ್ತುವ ಈ ವಿದ್ಯೆಯನ್ನು ಅಮೆರಿಕದ ಬಾಲ್ಟಿಮೋರಿನ ವೈದ್ಯರು, ಸಂಶೋಧಕರು ಜಗತ್ತಿಗೆ ತಿಳಿಸಿದ್ದು 1960ರಲ್ಲಿ. ನಮ್ಮ ಡ್ಯಾಮು ಮುಗಿದದ್ದು 1953ರಲ್ಲಿ. ಡ್ಯಾಮಿನ ನೀರು ಗದ್ದೆಗದ್ದೆಗೂ ಮುಟ್ಟಿತು. ಅದಕ್ಕಿಂತ ಏಳೇ ವರ್ಷ ಕಿರಿದಾದ ಈ ವಿದ್ಯೆ ಮನೆಮನೆಗೆ ಇನ್ನೂ ಮುಟ್ಟಿಲ್ಲ!

ಶೇಂಗಾ ಬೀಜ ಸಿಕ್ಕರೆ?

ಬಸ್ ಸ್ಟ್ಯಾಂಡಿನಲ್ಲಿ ಶೇಂಗಾ ತಿನ್ನುತ್ತಿದ್ದ ಮಗುವಿಗೆ ಬೀಜ ಗಂಟಲಿಗೆ ಸಿಕ್ಕಿತೆನ್ನಿ. ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಕೆಮ್ಮು ನಿಂತು, ದನಿ ಹೊರಡದೆ, ತುಟಿ ನೀಲಿಗಟ್ಟಿದರೆ ತಡಮಾಡಬೇಡಿ. ಮುಂದಕ್ಕೆ ಬಗ್ಗಿಸಿ ಬೆನ್ನಿನ ನಡುವೆ ಐದು ಗುದ್ದು. ಹೋಗದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕಳಿನ ಮೇಲೆ ಒಳಕ್ಕೂ ಮೇಲಕ್ಕೂ ಐದು ಸಲ ಒತ್ತು. ವರ್ಷ ತುಂಬದ ಕೂಸಿನ ಹೊಟ್ಟೆ ಮುಟ್ಟಬಾರದು. ಬೋರಲು ಹಿಡಿದು ಬೆನ್ನಿಗೆ ಐದು, ತಿರುಗಿಸಿ ಎದೆಗೆ ಐದು. ಕಾಣದ ವಸ್ತುವಿಗೆ ಬೆರಳು ತೂರಿಸಿದರೆ ಅದು ಇನ್ನೂ ಒಳಕ್ಕೆ ಹೋಗುತ್ತದೆ.

"ಕೈ ಹಚ್ಚಿದ್ರ ಪೊಲೀಸ್ ಕೇಸು ನಮ್ ಮ್ಯಾಲೆ ಬರ್ತೈತಿ" ಎನ್ನುವವರೂ ಇದ್ದಾರೆ. ರಸ್ತೆ ಅಪಘಾತದಲ್ಲಿ ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಂ ರಕ್ಷಣೆ ಕೊಡುತ್ತದೆ. 2019ರ ತಿದ್ದುಪಡಿಯಲ್ಲಿ ಅದು ಸೇರಿದೆ. ಭಯದ ನೆಪ ಇನ್ನು ನಡೆಯದು.

ಹೀಗೆ ಮಾಡಿದರೆ ಎಲ್ಲ ಮಕ್ಕಳೂ ಉಳಿಯುತ್ತಾರೆಂದು ಯಾರೂ ಹೇಳುವುದಿಲ್ಲ. ಆದರೆ ದಂಡೆಯ ಮೇಲೆ ಯಾರೂ ಏನೂ ಮಾಡದಿದ್ದರೆ ಆಸ್ಪತ್ರೆಯ ಯಂತ್ರಕ್ಕೆ ಉಳಿಸಲು ಏನೂ ಉಳಿದಿರುವುದಿಲ್ಲ. ಓದಿದ ಮಾತ್ರಕ್ಕೆ ಕೈಗೆ ಬರುವ ವಿದ್ಯೆಯೂ ಇದಲ್ಲ. ಪೇಟೆಯ ವರ್ತಕರು, ಶಾಲೆಯವರು ಬಲ್ಲವರನ್ನು ಕರೆಸಿ, ಬೊಂಬೆಯ ಮೇಲೆ ಒಂದು ತಾಸು ಕಲಿತರೆ ಆಯಿತು. ಒಂದು ತಾಸಿನ ವ್ಯಾಪಾರ ಹೋದೀತು. ಮುಂದಿನ ಸಲ ದಂಡೆಯ ಮೇಲೆ ಮಲಗಿಸುವ ಮಗು ಯಾರದೆಂದು ಬಲ್ಲವರು ಯಾರು?