ಹಳೆಯ ವಾಹನದ ಮೂಲಪಾಠ

ಹಳೆಯ ವಾಹನದ ಪರೀಕ್ಷೆಯೂ ಓಲೆಗರಿಯ ಗ್ರಂಥಸಂಪಾದನೆಯೂ ಒಂದೇ ಬಗೆಯ ಕೆಲಸ. ದೇವನಹಳ್ಳಿ, ನೆಲಮಂಗಲಗಳ ದಾರಿಯಲ್ಲಿ ಇಂದಿಗೂ ಅಲ್ಲೊಂದು ಇಲ್ಲೊಂದು ಕಾಣುವ ಜಾವಾ, ಯೆಜ್ಡಿ ಮೋಟಾರ್ ಸೈಕಲ್ಲುಗಳನ್ನೇ ನೋಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದವು ಅವು. ಜಾವಾದ ತವರು ಚೆಕೊಸ್ಲೊವಾಕಿಯವಾದರೂ ಮೈಸೂರಿನ ಗಾಡಿಗೆ ಮೈಸೂರೇ ಮೂಲ. ಚೆಕ್ ಬಿಡಿಭಾಗ ಜೋಡಿಸಿದ ಮಾತ್ರಕ್ಕೆ ಅದು ಹೆಚ್ಚು ಮೂಲನಿಷ್ಠವಾಗದು.

ಚೌಕಟ್ಟಿನ ಮತ್ತು ಎಂಜಿನ್ನಿನ ಸಂಖ್ಯೆಗಳು ನೋಂದಣಿ ಪುಸ್ತಕಕ್ಕೆ ಹೊಂದುತ್ತವೆಯೇ ಎಂಬುದು ಮೊದಲ ಪ್ರಶ್ನೆ. ಬಳಿಕ ಬದಲಾವಣೆಗಳ ವಿಚಾರ. 6 ವೋಲ್ಟಿನ ವಿದ್ಯುತ್ ವ್ಯವಸ್ಥೆಯನ್ನು 12ಕ್ಕೆ ಏರಿಸಿದರೂ ಹಳೆಯ ಭಾಗಗಳನ್ನು ಕಾದಿರಿಸಿದ್ದರೆ ಅದು ಅಡಿಟಿಪ್ಪಣಿಯಂತೆ, ಮೂಲಕ್ಕೆ ಮರಳಬಹುದು. ಚೌಕಟ್ಟನ್ನೇ ಕತ್ತರಿಸಿ ಬೆಸೆದರೆ ಅದು ಪ್ರಕ್ಷೇಪ. ಮಾಸಿದ ಮೊದಲ ಬಣ್ಣವನ್ನು ಕೆರೆದು ಹೊಸದನ್ನು ಬಳಿದರೂ ಅಷ್ಟೆ, ಅಳಿದ ಸಾಕ್ಷ್ಯ ಮರಳದು. ದುರಸ್ತಿ ದೋಷವಲ್ಲ, ಅದನ್ನು ಮರೆಮಾಚಿ ಮೂಲವೆಂದು ಮಾರುವುದು ದೋಷ.