ಮೇದೋಜೀರಕದಲ್ಲಿ ಕೀವು: ಚಿಕಿತ್ಸೆಗೆ ಯಾಕೆ ಇಷ್ಟು ದಿನ?



ನಮ್ಮ ವೈದ್ಯಕೀಯ ನಿಧಿಯಿಂದ ಒಬ್ಬರೇ ರೋಗಿಗೆ ಎರಡು ಮೂರು ಕಂತುಗಳಲ್ಲಿ ನೆರವು ಹೋದಾಗ, ಒಂದೇ ಆಪರೇಷನ್‌ನಲ್ಲಿ ಮುಗಿಸಬಾರದೇ ಎಂದು ದಾನಿಗಳು ಕೇಳುವುದು ಸಹಜ. ಮೇದೋಜೀರಕ ಗ್ರಂಥಿಯ ಕೀವು ಹಾಗೆ ಮುಗಿಯುವ ಕಾಯಿಲೆಯಲ್ಲ.

ಜಠರದ ಹಿಂದಿರುವ ಈ ಗ್ರಂಥಿ ಜೀರ್ಣರಸವನ್ನೂ ಇನ್ಸುಲಿನ್ನನ್ನೂ ತಯಾರಿಸುತ್ತದೆ. ಪಿತ್ತಕೋಶದ ಕಲ್ಲು, ಮದ್ಯಪಾನ ಅಥವಾ ರಕ್ತದಲ್ಲಿ ಅತಿಯಾದ ಕೊಬ್ಬಿನಿಂದ ಅದಕ್ಕೆ ದಿಢೀರನೆ ಉರಿಯೂತ ಬರಬಹುದು. ಹೆಚ್ಚಿನವರು ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಕೆಲವರಲ್ಲಿ ಗ್ರಂಥಿಯ ಒಂದು ಭಾಗವೇ ಸತ್ತು, ಅದಕ್ಕೆ ಸೋಂಕು ತಗಲಿ ಕೀವಾಗುತ್ತದೆ. ಇದು ಪ್ರಾಣಾಪಾಯದ ಹಂತ.

ಆರಂಭದಲ್ಲೇ ಹೊಟ್ಟೆ ಕೊಯ್ದರೆ ಸತ್ತ ಭಾಗವನ್ನು ಜೀವಂತ ಭಾಗದಿಂದ ಬೇರ್ಪಡಿಸುವುದು ಕಷ್ಟ. ರಕ್ತಸ್ರಾವದ ಭಯವೂ ಇದೆ. ಸುಮಾರು ನಾಲ್ಕು ವಾರಗಳಲ್ಲಿ ಕೀವಿನ ಸುತ್ತ ಗೋಡೆ ಕಟ್ಟುತ್ತದೆ. ಸಾಧ್ಯವಾದರೆ ಅಲ್ಲಿಯವರೆಗೆ ಆಂಟಿಬಯೋಟಿಕ್ ಮತ್ತು ಕೊಳವೆಯ ಮೂಲಕ ಆಹಾರ ಕೊಟ್ಟು ಕಾಯುತ್ತಾರೆ. ನಂತರ ಚರ್ಮದ ಮೂಲಕ ಅಥವಾ ಎಂಡೋಸ್ಕೋಪಿಯಿಂದ ಕೊಳವೆ ಹಾಕಿ ಕೀವು ಬಸಿಯುತ್ತಾರೆ. ಅಷ್ಟಕ್ಕೂ ಜಗ್ಗದಿದ್ದರೆ ಮಾತ್ರ ಸತ್ತ ಭಾಗವನ್ನು ತೆಗೆಯುತ್ತಾರೆ.

ನೆದರ್ಲ್ಯಾಂಡ್ಸ್‌ನ ವೈದ್ಯರು 88 ರೋಗಿಗಳ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೇರವಾಗಿ ಹೊಟ್ಟೆ ಕೊಯ್ದವರಲ್ಲಿ 69 ಶೇಕಡಾ ಮಂದಿಗೆ ಗಂಭೀರ ತೊಡಕು ಅಥವಾ ಸಾವು ಸಂಭವಿಸಿತು. ಹಂತ ಹಂತದ ಚಿಕಿತ್ಸೆಯಲ್ಲಿ ಅದು 40 ಶೇಕಡಾ. ಹಂತ ಹಂತದ ಚಿಕಿತ್ಸೆ ಪಡೆದವರ ಪೈಕಿ 35 ಶೇಕಡಾ ಮಂದಿಗೆ ಕೊಳವೆಯೇ ಸಾಕಾಯಿತು.

ಹಾಗಾಗಿ ಕಂತು ಕಂತಾಗಿ ಹೋಗುವ ಹಣ ಪೋಲಾಗುವುದಿಲ್ಲ, ಅದು ಚಿಕಿತ್ಸೆಯ ಕ್ರಮವನ್ನೇ ಅನುಸರಿಸುತ್ತದೆ. ಆದರೆ ದುಡಿಯುವವರು ತಿಂಗಳುಗಟ್ಟಲೆ ಹಾಸಿಗೆ ಹಿಡಿದಾಗ ಮೊದಲು ನಿಲ್ಲುವುದು ಮಕ್ಕಳ ಶಾಲಾ ಶುಲ್ಕ. ಆದ್ದರಿಂದ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಮನೆಯವರ ದೀರ್ಘ ಕಾಯಿಲೆಯನ್ನು ಸಂಕೋಚವಿಲ್ಲದೆ ಬರೆಯಿರಿ, ಆಸ್ಪತ್ರೆಯ ದಾಖಲೆಯ ಪ್ರತಿ ಲಗತ್ತಿಸಿ. ಬಿಪಿಎಲ್ ಕಾರ್ಡ್ ಇರುವವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಸೌಲಭ್ಯವನ್ನು ಮೊದಲು ವಿಚಾರಿಸಿ. ಅದರಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ.

ಮೇಲ್ಹೊಟ್ಟೆಯಿಂದ ಬೆನ್ನಿಗೆ ಹರಡುವ ತೀವ್ರ ನೋವು, ವಾಂತಿ ಕಂಡರೆ ಗ್ಯಾಸ್ಟ್ರಿಕ್ ಎಂದು ಕೂರಬೇಡಿ. ಆಸ್ಪತ್ರೆಯಿಂದ ಬಂದ ಮೇಲೆ ಜ್ವರ ಮರುಕಳಿಸಿದರೆ ಕೂಡಲೇ ವೈದ್ಯರ ಬಳಿ ಹೋಗಿ. ಪಿತ್ತಕೋಶದ ಕಲ್ಲೇ ಕಾರಣವಾಗಿದ್ದರೆ, ವೈದ್ಯರು ಹೇಳಿದ ಸಮಯಕ್ಕೆ ಪಿತ್ತಕೋಶ ತೆಗೆಸಿಕೊಳ್ಳುವುದನ್ನು ಮುಂದೂಡಬೇಡಿ.

ಅಲ್ಲಾಹನು ರೋಗಿಗಳಿಗೆ ಶಿಫಾ ನೀಡಲಿ, ನಿಮ್ಮ ದಾನವನ್ನು ಸ್ವೀಕರಿಸಲಿ. ಆಮೀನ್.